ಲೈವ್ ಸಿಡಿ

ಹಾರ್ಡ್ ಡಿಸ್ಕ್‌ನಲ್ಲಿ ಏನನ್ನೂ ಸ್ಥಾಪಿಸದೆ ಸಿಡಿ, ಡಿವಿಡಿ ಅಥವಾ ಪೆನ್ ಡ್ರೈವ್‌ನಿಂದ ನೇರವಾಗಿ ಬೂಟ್ ಆಗಿ, ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡುವ ಆಪರೇಟಿಂಗ್ ಸಿಸ್ಟಮ್. ಸಿಡಿಯ ಬಳಕೆ ಬಹುತೇಕ ನಿಂತು ಆ ಜಾಗಕ್ಕೆ ಪೆನ್ ಡ್ರೈವ್ ಬಂದಿದ್ದರೂ ಹಳೆಯ ಹೆಸರು ಚಾಲ್ತಿಯಲ್ಲಿ ಉಳಿದಿದೆ. ವಿಂಡೋಸ್ ಇರುವ ಮನೆಯ ಕಂಪ್ಯೂಟರಿನಲ್ಲಿ ಅದರ ತಂಟೆಗೆ ಹೋಗದೆ ಉಬುಂಟು, ಫೆಡೋರಾ, ಮಿಂಟ್, ಡೆಬಿಯನ್ ಮೊದಲಾದ ಮುಕ್ತ ಆಕರದ ವ್ಯವಸ್ಥೆಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ ನೋಡುವ ಹವ್ಯಾಸ ಬೆಳೆದದ್ದು ಇದರಿಂದಲೇ. ಯಾವ ವ್ಯವಸ್ಥೆ ನಮ್ಮ ಯಂತ್ರಕ್ಕೆ ಒಗ್ಗುತ್ತದೆ ಎಂಬುದನ್ನು ಲೈವ್ ಸಿಡಿ ಅರ್ಧ ಗಂಟೆಯಲ್ಲಿ ತಿಳಿಸಿಬಿಡುತ್ತದೆ. ಅದು ನಮಗೆ ಒಗ್ಗುತ್ತದೆಯೇ ಎಂಬುದನ್ನು ಮಾತ್ರ ಹೇಳಲಾರದು.

ಹಿನ್ನೆಲೆ

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ 386 ಪ್ರೊಸೆಸರಿನ ತಮ್ಮ ಕಂಪ್ಯೂಟರಿಗಾಗಿ ಬರೆದ ಲಿನಕ್ಸ್ ಬರೀ ಕರ್ನಲ್, ಅಂದರೆ ಯಂತ್ರಾಂಶವನ್ನು ನಿಭಾಯಿಸುವ ತಿರುಳು ಮಾತ್ರ ಆಗಿತ್ತು. ಅದಕ್ಕೆ ಗ್ನೂ ಯೋಜನೆಯ ಸಲಕರಣೆಗಳು, ಕಿಟಕಿ ತೆರೆಯುವ ವ್ಯವಸ್ಥೆ, ಸಂಪಾದಕ ತಂತ್ರಾಂಶ ಇವನ್ನೆಲ್ಲ ಸೇರಿಸಿ ಬಳಸಲು ಬರುವಂತೆ ಕಟ್ಟಿಕೊಡುವವರು ಮರುವರ್ಷದಿಂದಲೇ ಹುಟ್ಟಿಕೊಂಡರು. ಹೀಗೆ ಕಟ್ಟಿದ್ದಕ್ಕೆ ಡಿಸ್ಟ್ರಿಬ್ಯೂಷನ್, ಆಡುಮಾತಿನಲ್ಲಿ ಡಿಸ್ಟ್ರೊ ಎಂದು ಹೆಸರು. 1993ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಆರಂಭಿಸಿದ ಸ್ಲ್ಯಾಕ್‌ವೇರ್, ಅದೇ ವರ್ಷ ಇಯಾನ್ ಮರ್ಡಾಕ್ ಘೋಷಿಸಿದ ಡೆಬಿಯನ್ ಎರಡೂ ಇಂದಿಗೂ ಬಳಕೆಯಲ್ಲಿವೆ. ಮೂಲ ಸಂಕೇತವನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದೆಂದು ಪರವಾನಗಿಯೇ ಹೇಳುವುದರಿಂದ ಡಿಸ್ಟ್ರೊಗಳ ಸಂಖ್ಯೆಗೆ ಕಡಿವಾಣವೇ ಇರಲಿಲ್ಲ. 2001ರಲ್ಲಿ ಶುರುವಾದ ಡಿಸ್ಟ್ರೊವಾಚ್ ತಾಣದ ಮುಖ್ಯ ಕೆಲಸವೇ ಇವುಗಳ ಪಟ್ಟಿ ಇಡುವುದು.

ಆಯ್ಕೆ ಹೆಚ್ಚಿದರೂ ಪ್ರಯೋಗಿಸುವುದು ಸುಲಭವಿರಲಿಲ್ಲ. 1990ರ ದಶಕದಲ್ಲಿ ಲಿನಕ್ಸ್ ನೋಡಬೇಕೆಂದವರು ಮೊದಲು ಹಾರ್ಡ್ ಡಿಸ್ಕನ್ನು ಪಾರ್ಟಿಷನ್ ಮಾಡಬೇಕಿತ್ತು. ಅಲ್ಲಿ ಒಂದು ಅಂಕಿ ತಪ್ಪಿದರೆ ಮನೆಮಂದಿಯ ಕಡತಗಳೆಲ್ಲ ನೀರುಪಾಲು. ಅದನ್ನು ದಾಟಿದರೂ ಚಿತ್ರಾತ್ಮಕ ಪರದೆ ಬರಲು ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತನಗಳನ್ನು ಅದರ ಕೈಪಿಡಿಯಿಂದ ಹುಡುಕಿ ಕೈಯಾರೆ ತುಂಬಬೇಕು. ತಪ್ಪು ಅಂಕಿ ಕೊಟ್ಟರೆ ಮಾನಿಟರೇ ಕೆಡಬಹುದೆಂದು ಕೈಪಿಡಿಗಳು ಎಚ್ಚರಿಸುತ್ತಿದ್ದವು. ಮನೆಗೊಂದೇ ಕಂಪ್ಯೂಟರ್ ಇದ್ದ ಕಾಲದಲ್ಲಿ ಇಂಥ ಸಾಹಸಕ್ಕೆ ಮನೆಯವರು ಒಪ್ಪದಿದ್ದರೆ ಅವರನ್ನು ದೂರುವಂತಿಲ್ಲ.

ಬೆಳವಣಿಗೆ

ಸಿಡಿಯಿಂದಲೇ ಲಿನಕ್ಸ್ ನಡೆಸುವ ಯತ್ನ ಮೊದಲು ಕಾಣುವುದು ಅಮೆರಿಕದ ಬರ್ಕ್ಲಿಯಲ್ಲಿ 1992ರ ಕೊನೆಗೆ ಹೊರಬಂದ ಇಗ್‌ಡ್ರಸಿಲ್‌ನಲ್ಲಿ. ಆಗಿನ ಸಿಡಿ ಡ್ರೈವ್‌ಗಳ ವೇಗಕ್ಕೆ ಅದು ತೆವಳುತ್ತಿತ್ತು. ಐಬಿಎಂ ಮತ್ತು ಫೀನಿಕ್ಸ್ ಕಂಪನಿಗಳು 1995ರಲ್ಲಿ ಎಲ್ ಟೊರಿಟೊ ಎಂಬ ಮಾನಕವನ್ನು ರೂಪಿಸಿದ ಮೇಲೆ ಸಾಮಾನ್ಯ ಪಿಸಿಗಳು ಫ್ಲಾಪಿಯ ಹಂಗಿಲ್ಲದೆ ಸಿಡಿಯಿಂದ ಬೂಟ್ ಆಗತೊಡಗಿದವು. 1998ರ ಡೆಮೊಲಿನಕ್ಸ್ ಈ ದಾರಿಯಲ್ಲಿ ಮುಂದೆ ಹೋಯಿತು.

ಜನರ ಕೈಗೆ ನಿಜವಾಗಿ ಮುಟ್ಟಿದ್ದು ಜರ್ಮನಿಯ ಕ್ಲೌಸ್ ಕ್ನೋಪರ್ 2000ದಲ್ಲಿ ಬಿಡುಗಡೆ ಮಾಡಿದ ಕ್ನಾಪಿಕ್ಸ್. ಡೆಬಿಯನ್ ಆಧಾರದ ಈ ಸಿಡಿಯಲ್ಲಿ ಎರಡು ಹೆಚ್ಚುಗಾರಿಕೆಗಳಿದ್ದವು. ಕಡತಗಳನ್ನು ಒತ್ತಿ ತುಂಬಿ, ಬೇಕಾದಾಗ ಬೇಕಾದ ಭಾಗವನ್ನಷ್ಟೇ ಬಿಡಿಸಿ ಓದುವ ವಿಧಾನದಿಂದ 700 ಎಂಬಿ ಸಿಡಿಯಲ್ಲಿ ಸುಮಾರು 2 ಜಿಬಿಯಷ್ಟು ತಂತ್ರಾಂಶ ಹಿಡಿಯಿತು. ಇನ್ನೊಂದು ಯಂತ್ರಾಂಶದ ಪತ್ತೆ: ಧ್ವನಿ ಕಾರ್ಡ್, ವಿಡಿಯೋ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಯಾವುದೆಂದು ಬಳಕೆದಾರನನ್ನು ಕೇಳದೆ ಸಿಡಿಯೇ ಹುಡುಕಿಕೊಂಡು ಒಂದೆರಡು ನಿಮಿಷದಲ್ಲಿ ಡೆಸ್ಕ್‌ಟಾಪ್ ತೆರೆಯುತ್ತಿತ್ತು. ಸ್ಥಾಪನೆಗೆಂದೇ ಮಾಡಿದ ಆಗಿನ ಎಷ್ಟೋ ಡಿಸ್ಟ್ರೊಗಳಿಗೆ ಈ ಪತ್ತೇದಾರಿಕೆ ಕ್ನಾಪಿಕ್ಸ್‌ನಷ್ಟು ಬರುತ್ತಿರಲಿಲ್ಲ.

ಮಾರ್ಕ್ ಶಟಲ್‌ವರ್ತ್ ಅವರ ಕೆನಾನಿಕಲ್ ಸಂಸ್ಥೆ 2004ರ ಅಕ್ಟೋಬರ್‌ನಲ್ಲಿ ಉಬುಂಟುವಿನ ಮೊದಲ ಆವೃತ್ತಿ ಹೊರತಂದಿತು. ಆರಂಭದಲ್ಲಿ ನೋಡುವುದಕ್ಕೊಂದು ಸಿಡಿ, ಸ್ಥಾಪಿಸುವುದಕ್ಕೊಂದು ಸಿಡಿ ಇದ್ದವು. 2006ರ 6.06 ಆವೃತ್ತಿಯಿಂದ ಎರಡೂ ಒಂದಾದವು: ಮೊದಲು ಬಳಸಿ ನೋಡಿ, ಹಿಡಿಸಿದರೆ ಅಲ್ಲೇ ಇರುವ ಚಿಹ್ನೆಯನ್ನು ಕ್ಲಿಕ್ಕಿಸಿ ಸ್ಥಾಪಿಸಿಕೊಳ್ಳಬಹುದಿತ್ತು. ಇಂದು ಮುಖ್ಯ ಡಿಸ್ಟ್ರೊಗಳಲ್ಲಿ ಹೆಚ್ಚಿನವು ಇದೇ ಮಾದರಿ ಹಿಡಿದಿವೆ. ಹಳೆಯ ಕಂಪ್ಯೂಟರುಗಳಿಗೆಂದೇ ಬಂದವೂ ಉಂಟು. ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪಿ ಲಿನಕ್ಸ್ ಇಡಿಯಾಗಿ ರ‍್ಯಾಮ್‌ಗೆ ಏರಿ ಕೂರುವುದರಿಂದ ಬೂಟ್ ಆದ ಮೇಲೆ ಸಿಡಿಯನ್ನು ಹೊರತೆಗೆದರೂ ನಡೆಯುತ್ತದೆ. ಡ್ಯಾಮ್ ಸ್ಮಾಲ್ ಲಿನಕ್ಸ್ 50 ಎಂಬಿಯ ಮಿತಿ ಹಾಕಿಕೊಂಡಿತ್ತು.

ಕೆಲಸ ಮಾಡುವ ಬಗೆ

ಕಂಪ್ಯೂಟರ್ ಚಾಲೂ ಮಾಡಿದೊಡನೆ ಕಂಪನಿಗೆ ತಕ್ಕಂತೆ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ಯಾವುದರಿಂದ ಬೂಟ್ ಆಗಬೇಕೆಂಬ ಪಟ್ಟಿ ಬರುತ್ತದೆ. ಪೆನ್ ಡ್ರೈವ್ ಆಯ್ದರೆ ಅದರಲ್ಲಿನ ಬೂಟ್‌ಲೋಡರ್ ಕರ್ನಲನ್ನೂ ಒಂದು ಚಿಕ್ಕ ಆರಂಭಿಕ ಕಡತವ್ಯವಸ್ಥೆಯನ್ನೂ ರ‍್ಯಾಮ್‌ಗೆ ತರುತ್ತದೆ. ಆ ಚಿಕ್ಕ ವ್ಯವಸ್ಥೆ ಪೆನ್ ಡ್ರೈವ್‌ನೊಳಗೆ ಒತ್ತಿಟ್ಟ ದೊಡ್ಡ ಕಡತವನ್ನು, ಸಾಮಾನ್ಯವಾಗಿ ಸ್ಕ್ವಾಶ್‌ಎಫ್‌ಎಸ್ ರೂಪದ್ದನ್ನು, ಹುಡುಕಿ ತೆರೆಯುತ್ತದೆ. ಇದನ್ನು ಓದಬಹುದು, ಇದರ ಮೇಲೆ ಬರೆಯಲಾಗದು. ಆದರೆ ಬ್ರೌಸರಿಗೂ ಡೆಸ್ಕ್‌ಟಾಪಿಗೂ ಏನಾದರೊಂದು ಬರೆಯುತ್ತಲೇ ಇರಬೇಕು. ಅದಕ್ಕಾಗಿ ರ‍್ಯಾಮ್‌ನಲ್ಲಿ ಒಂದು ಖಾಲಿ ಪದರವನ್ನು ಸೃಷ್ಟಿಸಿ ಮೇಲೆ ಹೊದಿಸುತ್ತಾರೆ. ಓದುವಾಗ ಎರಡೂ ಪದರಗಳು ಒಂದೇ ಆಗಿ ಕಾಣುತ್ತವೆ. ಬರೆದದ್ದೆಲ್ಲ ಮೇಲಿನ ಪದರಕ್ಕೆ ಹೋಗುತ್ತದೆ. ಈ ಕೆಲಸವನ್ನು ಮೊದಲು ಯೂನಿಯನ್‌ಎಫ್‌ಎಸ್ ಮಾಡುತ್ತಿತ್ತು, 2014ರಲ್ಲಿ ಓವರ್‌ಲೇಎಫ್‌ಎಸ್ ಕರ್ನಲ್ಲಿನ ಭಾಗವೇ ಆಯಿತು.

ಕಂಪ್ಯೂಟರ್ ಆರಿಸಿದೊಡನೆ ರ‍್ಯಾಮ್ ಖಾಲಿ. ಇಳಿಸಿದ ಹಾಡು, ಕೊಟ್ಟ ವೈಫೈ ಪಾಸ್‌ವರ್ಡ್, ಬದಲಿಸಿದ ಹಿನ್ನೆಲೆ ಚಿತ್ರ ಯಾವುದೂ ಉಳಿಯದು. ಹೊಸಬರಿಗೆ ಇದು ತಲೆನೋವು. ಟೇಲ್ಸ್ ಎಂಬ ಡಿಸ್ಟ್ರೊ ಇದನ್ನೇ ಖಾಸಗಿತನದ ಕಾವಲಿಗೆ ಬಳಸುತ್ತದೆ. ಉಳಿಸಿಕೊಳ್ಳಲೇಬೇಕೆಂದರೆ ಪೆನ್ ಡ್ರೈವ್‌ನಲ್ಲೇ ಬರೆಯಬಹುದಾದ ಒಂದು ಭಾಗವನ್ನು ಮೀಸಲಿಡಬಹುದು. ಅಗ್ಗದ ಪೆನ್ ಡ್ರೈವ್‌ಗಳಲ್ಲಿ ಇದು ತೀರ ನಿಧಾನ.

ಭಾರತದಲ್ಲಿ

ಇಲ್ಲಿನ ಹವ್ಯಾಸಿಗಳಿಗೆ ದೊಡ್ಡ ತೊಡಕಾಗಿದ್ದುದು ಇಂಟರ್‌ನೆಟ್. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. ಆ ವೇಗದಲ್ಲಿ 700 ಎಂಬಿಯ ಒಂದು ಸಿಡಿ ಇಳಿಯಲು ಏನೂ ಅಡ್ಡಿಯಾಗದಿದ್ದರೂ ಆರು ಗಂಟೆ ಬೇಕು. ಬಿಎಸ್‌ಎನ್‌ಎಲ್‌ನ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗಿನ ಡೌನ್‌ಲೋಡ್ ಲೆಕ್ಕಕ್ಕೆ ಬರುತ್ತಿರಲಿಲ್ಲವಾದ್ದರಿಂದ ಅಲಾರಂ ಇಟ್ಟುಕೊಂಡು ಎದ್ದು ಸಿಡಿಯ ಪ್ರತಿಯಾದ ಐಎಸ್‌ಒ ಕಡತ ಇಳಿಸಲು ಹಚ್ಚಿ ಮತ್ತೆ ಮಲಗುವುದು ರೂಢಿಯಾಗಿತ್ತು. ಕರೆಂಟ್ ಹೋದರೆ ಆ ರಾತ್ರಿ ವ್ಯರ್ಥ.

ಹೀಗಾಗಿ ಪತ್ರಿಕೆಗಳ ಜೊತೆಗೆ ಬರುವ ಸಿಡಿಗಳಿಗೆ ಬೆಲೆ ಇತ್ತು. ಪಿಸಿ ಕ್ವೆಸ್ಟ್ ಮಾಸಪತ್ರಿಕೆ 1990ರ ದಶಕದಲ್ಲೇ ಲಿನಕ್ಸ್ ಸಿಡಿ ಹಂಚತೊಡಗಿತು. ಇದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಪಾತ್ರ ದೊಡ್ಡದು. ‘ಲಿನಕ್ಸ್ ಬೆಂಗಳೂರು’ ಸಮಾವೇಶ, ಮುಂದೆ ಅದೇ ಬೆಳೆದು ಆದ ‘ಫಾಸ್ ಡಾಟ್ ಇನ್’ ಕೂಡ ಅವರ ಮುಂದಾಳತ್ವದಲ್ಲಿ ನಡೆದವು. ‘ಲಿನಕ್ಸ್ ಫಾರ್ ಯು’ ಪತ್ರಿಕೆಯೂ ಸಿಡಿ ಕೊಡುತ್ತಿತ್ತು. ಉಬುಂಟುವಿನ ‘ಶಿಪ್‌ಇಟ್’ ಸೇವೆ 2005ರಿಂದ 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತ ಸಿಡಿ ಕಳಿಸಿತು. ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದಲ್ಲಿ ರೂಪಿಸಿದ ‘ಬಾಸ್’ ಭಾರತೀಯ ಭಾಷೆಗಳ ಬೆಂಬಲವನ್ನೇ ಮುಂದಿಟ್ಟುಕೊಂಡು 2007ರಲ್ಲಿ ಬಂತು.

ಕನ್ನಡಿಗರಿಗೆ ಲೈವ್ ಸಿಡಿಯ ಮೊದಲ ಪರೀಕ್ಷೆ ಕನ್ನಡದ್ದೇ. ಅಕ್ಷರಗಳನ್ನು ಜೋಡಿಸುವ ತಂತ್ರಾಂಶ ಪಕ್ವವಾಗಿರದ ದಿನಗಳಲ್ಲಿ ಒತ್ತಕ್ಷರ ಬಿಡಿಯಾಗಿ ಪಕ್ಕಕ್ಕೆ ಬೀಳುತ್ತಿತ್ತು, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತಿತ್ತು. ‘ರಾಷ್ಟ್ರ’, ‘ಸೂರ್ಯ’, ‘ರ‍್ಯಾಂಕ್’ ಈ ಮೂರು ಪದ ಸರಿಯಾಗಿ ಮೂಡಿದರೆ ಉಳಿದ ಕನ್ನಡಕ್ಕೆ ಹೆಚ್ಚು ಅಂಜಬೇಕಿಲ್ಲ. ಈಗಿನ ಡಿಸ್ಟ್ರೊಗಳಲ್ಲಿ ಲೋಹಿತ್ ಅಥವಾ ನೋಟೊ ಅಕ್ಷರಶೈಲಿ ಬಹುಮಟ್ಟಿಗೆ ಮೊದಲೇ ಇರುತ್ತದೆ. ಮಲ್ಲಿಗೆ, ಕೇದಗೆ, ಗುಬ್ಬಿ, ನವಿಲು ಬೇಕಾದವರು ಡೆಬಿಯನ್ ಭಂಡಾರದಿಂದ ಹಾಕಿಕೊಳ್ಳಬಹುದು. ಟೈಪಿಸಲು ಐಬಸ್ ಎಂಬ ಸಲಕರಣೆಯಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸವೂ ಸಿಗುತ್ತದೆ. ನುಡಿ, ಬರಹ ಬಳಸಿ ಪಳಗಿದ ಕೈಗೆ ಇದು ಹೊಸದೆನಿಸದು. ಮೆನುಗಳ ಅನುವಾದ ಮಾತ್ರ ಅರೆಬರೆ: ಒಂದು ಸಾಲು ಕನ್ನಡ, ಮುಂದಿನದು ಇಂಗ್ಲಿಷ್. ಸ್ವಯಂಸೇವಕರ ದುಡಿಮೆ ನಡೆದಷ್ಟು ಕನ್ನಡ ಬಂದಿದೆ.

ಪ್ರಯೋಗ ಮತ್ತು ಅದರ ಮಿತಿ

ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ, ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ತೆಗೆದರೆ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂಬಷ್ಟನ್ನು ನೋಡಿದರೆ ಲೈವ್ ಸಿಡಿಯ ಕೆಲಸ ಮುಕ್ಕಾಲು ಮುಗಿಯಿತು. ಕೊನೆಯದನ್ನು ನೋಡಲು ಬಹಳ ಮಂದಿ ಮರೆಯುತ್ತಾರೆ, ಸ್ಥಾಪಿಸಿದ ಮೇಲೆ ಹೆಚ್ಚು ಕಾಡುವುದು ಅದೇ. ವೇಗದ ಬಗ್ಗೆ ಇಲ್ಲಿ ತೀರ್ಪು ಕೊಡುವುದು ತಪ್ಪು. ಪೆನ್ ಡ್ರೈವ್‌ನಿಂದ ನಡೆಯುವುದು ಸ್ಥಾಪಿಸಿದ್ದಕ್ಕಿಂತ ನಿಧಾನವಾಗಿರುತ್ತದೆ, ರ‍್ಯಾಮ್‌ಗೆ ಏರಿದ್ದು ಅದಕ್ಕಿಂತ ಚುರುಕಾಗಿರುತ್ತದೆ. ಡಿಸ್ಟ್ರೊಗಳ ನಡುವಿನ ನಿಜವಾದ ವ್ಯತ್ಯಾಸವಿರುವುದು ಎಷ್ಟು ದಿನಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಎಷ್ಟು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತದೆ, ಅಪ್‌ಡೇಟ್ ಮಾಡಿದಾಗ ಏನೇನು ಮುರಿಯುತ್ತದೆ ಎಂಬುದರಲ್ಲಿ. ಇದ್ಯಾವುದೂ ಲೈವ್ ಪರದೆಯಲ್ಲಿ ಕಾಣುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ತಿಂದು ಮನೆತನ ಅಳೆದಂತೆ, ಒಂದು ಗಂಟೆ ನೋಡಿದವರು ಹೊಗಳುವುದು ಹೆಚ್ಚಾಗಿ ಹಿನ್ನೆಲೆ ಚಿತ್ರವನ್ನೂ ಐಕಾನ್‌ಗಳನ್ನೂ.

ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ, ವಿಂಡೋಸ್‌ನೊಳಗೇ ಕಿಟಕಿಯೊಂದರಲ್ಲಿ, ಇನ್ನೊಂದು ವ್ಯವಸ್ಥೆಯನ್ನು ತಿಂಗಳುಗಟ್ಟಲೆ ನಡೆಸಬಹುದು. ಅಲ್ಲಿ ಅಪ್‌ಡೇಟ್‌ಗಳ ಸ್ವಭಾವ ತಿಳಿಯುತ್ತದೆ, ಯಂತ್ರಾಂಶದ ಗುಣ ತಿಳಿಯದು. ಬಿಓಎಸ್‌ನ ಹಾದಿ ಹಿಡಿದ ಹೈಕು, ಹಳೆಯ ಡಾಸ್ ಆಟಗಳಿಗೆ ಬೇಕಾಗುವ ಫ್ರೀಡಾಸ್ ಮೊದಲಾದ ಲಿನಕ್ಸೇತರ ಮುಕ್ತ ವ್ಯವಸ್ಥೆಗಳನ್ನು ನೋಡಲು ಈ ದಾರಿಯೇ ವಾಸಿ.

ಅಪಾಯಗಳು

ಲೈವ್ ಸಿಡಿ ನಡೆಸುವುದರಲ್ಲಿ ಅಪಾಯ ಕಡಿಮೆ, ಅದನ್ನು ತಯಾರಿಸುವಾಗ ಹೆಚ್ಚು. ರೂಫಸ್, ವೆಂಟಾಯ್‌ನಂಥ ಸಲಕರಣೆಗಳು ಪೆನ್ ಡ್ರೈವನ್ನು ಪೂರ್ತಿ ಅಳಿಸಿ ಬರೆಯುತ್ತವೆ. ಲಿನಕ್ಸ್‌ನ ಡಿಡಿ ಆದೇಶವಂತೂ ಪೆನ್ ಡ್ರೈವ್ ಬದಲು ಹಾರ್ಡ್ ಡಿಸ್ಕ್‌ನ ಹೆಸರು ಕೊಟ್ಟರೂ ಮರುಮಾತಿಲ್ಲದೆ ಅದರ ಮೇಲೆ ಬರೆಯುತ್ತದೆ. ಇಳಿಸಿದ ಕಡತ ಸರಿಯಿದೆಯೇ ಎಂದು ತಾಣದಲ್ಲಿ ಕೊಟ್ಟ ಪರಿಶೀಲನಾ ಸಂಖ್ಯೆಯೊಂದಿಗೆ ಹೋಲಿಸಿಕೊಳ್ಳುವುದು ಒಳ್ಳೆಯದು.

ವಿಂಡೋಸ್ 8ರ ಜೊತೆ 2012ರಲ್ಲಿ ಮನೆಮನೆಗೆ ಬಂದ ಸೆಕ್ಯೂರ್ ಬೂಟ್, ಅಂಗೀಕೃತ ಸಹಿ ಇಲ್ಲದ ಬೂಟ್‌ಲೋಡರನ್ನು ತಡೆಯುತ್ತದೆ. ಉಬುಂಟು, ಫೆಡೋರಾ, ಡೆಬಿಯನ್ ಈ ಸಹಿ ಪಡೆದಿವೆ. ಎಷ್ಟೋ ಚಿಕ್ಕ ಡಿಸ್ಟ್ರೊಗಳಿಗೆ ಅದನ್ನು ಆಫ್ ಮಾಡಬೇಕು. ಹಾಗೆ ಮಾಡುವ ಮುನ್ನ ವಿಂಡೋಸ್‌ನ ಡಿಸ್ಕ್ ಗೂಢಲಿಪಿ ಸೌಲಭ್ಯವಾದ ಬಿಟ್‌ಲಾಕರ್‌ನ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮರಳಿ ವಿಂಡೋಸ್‌ಗೆ ಹೋದಾಗ ಅದು ಕೀಲಿ ಕೇಳಿ ಬಾಗಿಲು ಹಾಕಿಕೊಳ್ಳಬಹುದು. ಲಿನಕ್ಸನ್ನು ವಿಂಡೋಸ್ ಜೊತೆಯಲ್ಲೇ ಸ್ಥಾಪಿಸಿಕೊಂಡವರಿಗೆ ಭಾರತದಲ್ಲಿ ಕಾಣುವ ಒಂದು ತಮಾಷೆಯೆಂದರೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುವುದು. ಯಂತ್ರದೊಳಗಿನ ಗಡಿಯಾರ ಸ್ಥಳೀಯ ಸಮಯ ತೋರುತ್ತದೆಂದು ವಿಂಡೋಸ್ ನಂಬುತ್ತದೆ, ಲಿನಕ್ಸ್ ಅದನ್ನು ಜಾಗತಿಕ ಪ್ರಮಾಣ ಸಮಯಕ್ಕೆ ಇಡುತ್ತದೆ. ಲಿನಕ್ಸ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಸರಿಹೋಗುತ್ತದೆ.

ಇತರ ಉಪಯೋಗ

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದು, ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಮೂಲೆ ಸೇರುವ ಹೊತ್ತಿಗೆ, ಅವುಗಳಿಗೆ ಯಾವ ಡಿಸ್ಟ್ರೊ ಹೊಂದುತ್ತದೆಂದು ನೋಡಲು ಲೈವ್ ಪೆನ್ ಡ್ರೈವ್‌ಗೆ ಹೊಸ ಕೆಲಸ ಸಿಕ್ಕಿದೆ. ರಿಪೇರಿ ಅಂಗಡಿಗಳಲ್ಲಿ ಅದರ ಬಳಕೆ ಇನ್ನೂ ಹಳೆಯದು. ವಿಂಡೋಸ್ ಏಳದೆ ಮೊಂಡು ಹಿಡಿದಾಗ ಲೈವ್ ಲಿನಕ್ಸ್‌ನಿಂದ ಬೂಟ್ ಮಾಡಿ, ಒಳಗಿನ ಫೋಟೊಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಂಡು ಆಮೇಲೆ ಫಾರ್ಮ್ಯಾಟ್ ಮಾಡುತ್ತಾರೆ. ಪಾರ್ಟಿಷನ್ ತಿದ್ದಲು ಜಿಪಾರ್ಟೆಡ್, ಇಡೀ ಡಿಸ್ಕಿನ ಪ್ರತಿ ತೆಗೆಯಲು ಕ್ಲೋನ್‌ಜಿಲ್ಲಾ ಎಂಬ ಮೀಸಲು ಸಿಡಿಗಳೇ ಇವೆ. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪಿಗೊಂಡಿದ್ದರೆ ರಿಕವರಿ ಕೀಲಿ ಇಲ್ಲದೆ ಯಾವ ಲೈವ್ ಸಿಡಿಯಿಂದಲೂ ಆ ಫೋಟೊಗಳು ಸಿಗುವುದಿಲ್ಲ.