ಅಡ್ಡ ಜಾರುವ ಕಾರಿಗೆ ಎಷ್ಟು ಅಂಕ?

ಮೋಟಾರು ಕ್ರೀಡೆಗಳಲ್ಲಿ ಜಗಳಕ್ಕೆ ಬರವಿಲ್ಲ. ಎಂಜಿನ್ ನಿಯಮಕ್ಕೆ ತಕ್ಕಂತಿತ್ತೇ, ಕಾರಿನ ತೂಕ ಕಡಿಮೆ ಬಿತ್ತೇ, ತಿರುವಿನಲ್ಲಿ ತಳ್ಳಿದವರು ಯಾರು ಎಂದು ವರ್ಷಗಟ್ಟಲೆ ವಾದಿಸಬಹುದು. ಆದರೆ ಯಾರು ಬೇಗ ತಲುಪಿದರು ಎಂಬ ವಿಷಯದಲ್ಲಿ ವಾದ ಅಪರೂಪ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ‍್ಯಾಲಿಯಾಗಲಿ, ಮೊನಾಕೊದ ಬೀದಿಯಾಗಲಿ, ಕೊನೆಯ ಮಾತು ಗಡಿಯಾರದ್ದೇ. ಡ್ರಿಫ್ಟಿಂಗ್ ಮಾತ್ರ ಗಡಿಯಾರವನ್ನು ಹೊರಗಿಟ್ಟು ಬೆಳೆದ ಆಟ.

ಹಿಂಬದಿಯ ಚಕ್ರಗಳಿಗೆ ಬಲ ಹೋಗುವ, ಬೇಕಾದಂತೆ ಟ್ಯೂನ್ ಮಾಡಿದ ಕಾರನ್ನು ತಿರುವಿಗೆ ವೇಗವಾಗಿ ತಂದು, ಕ್ಲಚ್ ಒದ್ದೋ ಹ್ಯಾಂಡ್‌ಬ್ರೇಕ್ ಎಳೆದೋ ಹಿಂದಿನ ಟೈರುಗಳ ಹಿಡಿತ ತಪ್ಪಿಸುತ್ತಾರೆ. ಕಾರು ಅಡ್ಡಕ್ಕೆ ಜಾರತೊಡಗಿದೊಡನೆ ಮುಂದಿನ ಚಕ್ರಗಳನ್ನು ಎದುರು ದಿಕ್ಕಿಗೆ ತಿರುಗಿಸಿ, ಆಕ್ಸಿಲರೇಟರ್ ಹದವಾಗಿ ಒತ್ತುತ್ತ, ಆ ಜಾರಿಕೆಯನ್ನು ಒಂದು ತಿರುವಿನಿಂದ ಇನ್ನೊಂದಕ್ಕೆ ಕೊಂಡೊಯ್ಯುತ್ತಾರೆ. ಡಾಂಬರಿನ ಮೇಲೆ ಇದು ಬೇಗ ಹೋಗುವ ದಾರಿ ಅಲ್ಲ. ಟೈರು ಸುಡುತ್ತದೆ, ಹೊಗೆ ಏಳುತ್ತದೆ, ಸಮಯ ಕೈಬಿಡುತ್ತದೆ. ನೋಡುವವರಿಗೆ ಅದೇ ಸೊಗಸು. ಸೊಗಸಿಗೆ ಅಂಕ ಕೊಡಬೇಕೆಂದರೆ ಗಡಿಯಾರದಿಂದ ಆಗದು, ಮನುಷ್ಯನೇ ಬೇಕು. ಕಾಲು ಶತಮಾನದ ವೃತ್ತಿಪರ ಡ್ರಿಫ್ಟಿಂಗ್ ಆ ಮನುಷ್ಯನನ್ನು ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಲೇ ಬಂದಿದೆ.

ಈ ಕಲೆ ಹುಟ್ಟಿದಾಗ ಒದ್ದಾಟವೇನೂ ಇರಲಿಲ್ಲ. ಕುನಿಮಿತ್ಸು ತಕಹಾಶಿ 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮೋಟಾರ್‌ಸೈಕಲ್ ಗ್ರಾನ್‌ಪ್ರೀ ಗೆದ್ದ ಜಪಾನಿನ ಮೊದಲ ಸವಾರ. ಆಮೇಲೆ ಕಾರು ರೇಸಿಗೆ ಬಂದ ಅವರು 1970ರ ದಶಕದಲ್ಲಿ ತಿರುವುಗಳಲ್ಲಿ ಕಾರನ್ನು ಜಾರಿಸುತ್ತಿದ್ದ ಬಗೆ ಜನರ ಕಣ್ಣು ಸೆಳೆಯಿತು. ಅವರಿಗೆ ಅದು ರೇಸಿನೊಳಗಿನ ಒಂದು ಉಪಾಯ, ಅಷ್ಟೇ. ಅದನ್ನು ಕಂಡು ಮರುಳಾದ ಕೇಯಿಚಿ ತ್ಸುಚಿಯಾ ಜಪಾನಿನ ಬೆಟ್ಟದ ರಸ್ತೆಗಳಲ್ಲಿ ತಮ್ಮ ಟೊಯೋಟ ಎಇ86ರೊಂದಿಗೆ ಅದನ್ನೇ ಗುರಿ ಮಾಡಿಕೊಂಡರು. 1987ರಲ್ಲಿ ಬಂದ ‘ಪ್ಲಸ್‌ಪೈ’ ಎಂಬ ವಿಡಿಯೊ ಅವರನ್ನು ಡ್ರಿಫ್ಟ್ ಕಿಂಗ್ ಮಾಡಿತು. ಬೆಟ್ಟದ ರಸ್ತೆಯಲ್ಲಿ ಅಂಕ ಕೊಡುವವರು ಬೇಲಿಯ ಆಚೆ ನಿಂತ ಹುಡುಗರು. ಕೂಗು ಜೋರಾದರೆ ಅಂಕ ಜಾಸ್ತಿ. ಆ ತೀರ್ಪನ್ನು ಪ್ರಶ್ನಿಸಬೇಕೆಂದು ಯಾರಿಗೂ ಅನಿಸಲಿಲ್ಲ, ಯಾಕೆಂದರೆ ಅದರಿಂದ ಯಾರ ಕಿಸೆಗೂ ಏನೂ ಬೀಳುತ್ತಿರಲಿಲ್ಲ.

ಬಹುಮಾನದ ಜೊತೆ ಅನುಮಾನವೂ ಬಂತು. ಟ್ಯೂನಿಂಗ್ ಪ್ರಿಯರ ಪತ್ರಿಕೆ ‘ಆಪ್ಷನ್’ 1981ರಲ್ಲಿ ಶುರುವಾಯಿತು. ಸ್ಥಾಪಕರು ದಾಯಿಜಿರೊ ಇನಾದಾ. ಎಂಬತ್ತರ ದಶಕದ ಕೊನೆಗೆ ಆ ಪತ್ರಿಕೆಯ ಬಳಗ ಹವ್ಯಾಸಿಗಳಿಗಾಗಿ ಡ್ರಿಫ್ಟ್ ಸ್ಪರ್ಧೆ ನಡೆಸತೊಡಗಿತು. ಅದೇ ಬಳಗ, ತ್ಸುಚಿಯಾ ಮತ್ತು ಇನಾದಾ ಅವರ ಮುಂದಾಳ್ತನದಲ್ಲಿ, 2000ದ ಅಕ್ಟೋಬರ್‌ನಲ್ಲಿ ಫುಕುಶಿಮಾ ಪ್ರಾಂತ್ಯದ ಎಬಿಸು ಸರ್ಕ್ಯೂಟ್‌ನಲ್ಲಿ ವೃತ್ತಿಪರ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಮರುವರ್ಷ ಅದು ‘ಡಿ1 ಗ್ರಾನ್‌ಪ್ರೀ’ ಸರಣಿಯಾಯಿತು. 2001ರ ಚಾಂಪಿಯನ್ ನಿಸ್ಸಾನ್ ಸಿಲ್ವಿಯಾ ಓಡಿಸಿದ ನೊಬುತೆರು ತನಿಗುಚಿ, 2002ರವರು ಹಳೆಯ ಎಇ86ರಲ್ಲೇ ಗೆದ್ದ ಕತ್ಸುಹಿರೊ ಉಯೆಯೊ.

ಆಗ ಡಿ1ರ ಮುಖ್ಯ ತೀರ್ಪುಗಾರ ತ್ಸುಚಿಯಾ ಅವರೇ. ಮೈಕು ಹಿಡಿದು ಇಂಥವರಿಗೆ ಇಷ್ಟು ಎಂದು ಅಂಕ ಹೇಳಿ, ಚಾಲಕರನ್ನು ಹೊಗಳುತ್ತ, ಕೆಣಕುತ್ತ, ಕೆಲವೊಮ್ಮೆ ಗದರಿಸುತ್ತ ನಡೆಸುತ್ತಿದ್ದ ಅವರ ತೀರ್ಪೇ ಪ್ರದರ್ಶನದ ಅರ್ಧ ಸೊಬಗಾಗಿತ್ತು. ಆ ಕಾಲದಲ್ಲಿ ಡ್ರಿಫ್ಟಿಂಗ್ ಬಗ್ಗೆ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ ಎನ್ನುವುದನ್ನು ಒಪ್ಪೋಣ. ನನ್ನ ತಕರಾರು ಅವರ ಕಣ್ಣಿನ ಬಗ್ಗೆ ಅಲ್ಲ, ಕೂತ ಜಾಗದ ಬಗ್ಗೆ. ಸ್ಪರ್ಧೆ ಹುಟ್ಟುಹಾಕಿದವರು, ಅದರ ಸುದ್ದಿ ಅಚ್ಚು ಹಾಕುವವರು, ಅದರ ವಿಡಿಯೊ ಮಾರುವವರು, ಅದರಲ್ಲಿ ಅಂಕ ಕೊಡುವವರು ಎಲ್ಲ ಒಂದೇ ಮನೆಯವರು. ಅಲ್ಲಿ ಮೋಸ ನಡೆಯಿತೆಂದು ನಾನು ಹೇಳುತ್ತಿಲ್ಲ. ಮೋಸವೇ ನಡೆಯದಿದ್ದರೂ ಸೋತವನಿಗೆ ಹಾಗೆ ತೋರಿಸಿಕೊಡುವ ದಾರಿ ಆ ಏರ್ಪಾಡಿನಲ್ಲಿ ಇರಲಿಲ್ಲ.

ಒಬ್ಬೊಬ್ಬರೇ ಓಡಿಸುವ ಸುತ್ತಿಗೆ ನೂರಕ್ಕೆ ಇಷ್ಟು ಎಂದು ಅಂಕ. ಇಬ್ಬರು ಜೋಡಿಯಾಗಿ ಓಡಿಸುವ ಸುತ್ತು ಬಂದಾಗ ಲೆಕ್ಕ ಬದಲಾಯಿತು: ಒಂದು ಓಟಕ್ಕೆ ಹತ್ತು ಅಂಕ, ಅದನ್ನು ಇಬ್ಬರಿಗೂ ಹಂಚಬೇಕು. ಸರಿಸಮವಾದರೆ ಐದು-ಐದು, ಒಬ್ಬರು ಕೊಂಚ ಮೇಲಾದರೆ ಆರು-ನಾಲ್ಕು, ಒಬ್ಬರು ತಪ್ಪು ಮಾಡಿ ಗುದ್ದಿದರೆ ಹತ್ತು-ಸೊನ್ನೆ. ಮುಂದೆ ಹೋದವರು ಮರು ಓಟದಲ್ಲಿ ಹಿಂದೆ ಬರುತ್ತಾರೆ. ನೋಡಲು ಅಚ್ಚುಕಟ್ಟಾದ ಲೆಕ್ಕವೇ. ಆದರೆ ಐದೂವರೆ ಮತ್ತು ಆರರ ನಡುವಿನ ಅರ್ಧ ಅಂಕ ಯಾವುದರ ಅಳತೆ ಎಂದು ಕೇಳಿದರೆ ಉತ್ತರ ತೀರ್ಪುಗಾರರ ಎದೆಯೊಳಗಷ್ಟೇ ಇತ್ತು.

2003ರ ಆಗಸ್ಟ್ ಕೊನೆಯಲ್ಲಿ ಡಿ1 ಕ್ಯಾಲಿಫೋರ್ನಿಯಾದ ಇರ್ವಿಂಡೇಲ್‌ಗೆ ಹೋಯಿತು. ಮರುವರ್ಷವೇ ಜಿಮ್ ಲಿಯಾವ್ ಮತ್ತು ರಯಾನ್ ಸೇಜ್ ಅಮೆರಿಕದಲ್ಲಿ ‘ಫಾರ್ಮುಲಾ ಡ್ರಿಫ್ಟ್’ ಸರಣಿ ಆರಂಭಿಸಿದರು. ಮೊದಲ ಚಾಂಪಿಯನ್ ಡಾಡ್ಜ್ ವೈಪರ್ ಓಡಿಸಿದ ಸಾಮ್ಯುಯೆಲ್ ಹ್ಯೂಬಿನೆಟ್. ತ್ಸುಚಿಯಾ ಅವರಂಥ ಗುರುಸ್ಥಾನದ ಒಬ್ಬರು ಅಲ್ಲಿರಲಿಲ್ಲ. ಗುರುವಿನ ಮಾತೇ ಕೊನೆ ಎನ್ನುವಂತಿಲ್ಲದ ಕಡೆ ನಿಯಮದ ಪುಸ್ತಕ ದಪ್ಪಗಾಗಲೇಬೇಕು. ಆದದ್ದೂ ಹಾಗೆಯೇ. ತೀರ್ಪುಗಾರರು ಮೂವರು. ಅವರು ನೋಡಬೇಕಾದದ್ದು ಲೈನ್, ಕೋನ, ಶೈಲಿ. ಲೈನ್ ಎಂದರೆ ಕಾರು ಹಿಡಿಯಬೇಕಾದ ದಾರಿ. ಅದನ್ನು ತೋರಿಸಲು ತಿರುವಿನ ಒಳಬದಿಯಲ್ಲಿ ಕ್ಲಿಪಿಂಗ್ ಪಾಯಿಂಟ್‌ಗಳು, ಹೊರಬದಿಯಲ್ಲಿ ಡಾಂಬರಿನ ಮೇಲೆ ಬಣ್ಣ ಬಳಿದ ವಲಯಗಳು. ಒಳಗಿನ ಗುರುತಿಗೆ ಕಾರಿನ ಮೂತಿ ಸವರಬೇಕು, ಹೊರಗಿನ ವಲಯವನ್ನು ಹಿಂದಿನ ಚಕ್ರ ತುಂಬಬೇಕು.

ನಮ್ಮ ಕರಾವಳಿಯ ಕಂಬಳ ನೋಡಿದವರಿಗೆ ಈ ಉಪಾಯ ಹೊಸದೆನಿಸದು. ಹಗ್ಗ, ನೇಗಿಲಿನ ವಿಭಾಗಗಳಲ್ಲಿ ಬೇಗ ಓಡಿದ ಕೋಣಗಳಿಗೆ ಗೆಲುವು. ಕನೆಹಲಗೆಯಲ್ಲಿ ಮಾತ್ರ ಹಲಗೆ ಚಿಮ್ಮಿಸಿದ ನೀರು 6½ ಅಥವಾ 7½ ಕೋಲು ಎತ್ತರದ ನಿಶಾನೆಗೆ ತಾಗಬೇಕು. ನೀರು ಎಷ್ಟು ಚೆಂದ ಚಿಮ್ಮಿತು ಎಂದು ಯಾರೂ ಕೇಳುವುದಿಲ್ಲ, ಬಟ್ಟೆ ನೆನೆಯಿತೇ ಇಲ್ಲವೇ ಎನ್ನುವುದಷ್ಟೇ ಪ್ರಶ್ನೆ. ತೀರ್ಪುಗಾರರ ಮನಸ್ಸಿನಲ್ಲಿದ್ದ ಗುರಿಯನ್ನು ಕೆಳಗಿಳಿಸಿ ಎಲ್ಲರೂ ನೋಡುವ ಜಾಗದಲ್ಲಿ ಕಟ್ಟಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಡ್ರಿಫ್ಟಿಂಗ್ ಇಲ್ಲಿಯವರೆಗೆ ಕಂಡುಕೊಂಡ ಸುಧಾರಣೆಗಳಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ಫಲ ಕೊಟ್ಟದ್ದೂ ಡಾಂಬರಿನ ಮೇಲಿನ ಆ ಬಣ್ಣವೇ ಎಂದು ನನ್ನ ಎಣಿಕೆ.

ಉಳಿದರ್ಧ ಹಾಗೆ ಬಗೆಹರಿಯುವಂಥದ್ದಲ್ಲ. ತೀರ್ಪುಗಾರರ ಗೋಪುರ ಇರುವುದು ಒಂದು ಕಡೆ, ವಲಯ ಇರುವುದು ಇನ್ನೊಂದು ಕಡೆ. ಓರೆಯಾಗಿ ನೋಡುವ ಕಣ್ಣಿಗೆ ಎರಡು ಕಾರುಗಳ ನಡುವಿನ ಅಂತರ ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಮುಂದಿನ ಕಾರಿನ ಹೊಗೆ ಹಿಂದಿನದನ್ನು ನುಂಗುತ್ತದೆ. ಇನ್ನು ಶೈಲಿ ಎಂಬುದಂತೂ ಯಾವ ಬಣ್ಣಕ್ಕೂ ಸಿಕ್ಕುವುದಲ್ಲ. ಜಾರಿಕೆಯನ್ನು ಹೇಗೆ ಶುರುಮಾಡಿದರು, ಎಷ್ಟು ನಯವಾಗಿ ಮುಂದುವರಿಸಿದರು, ಗೋಡೆಯ ಪಕ್ಕದಲ್ಲಿ ಎಷ್ಟು ಎದೆಗಾರಿಕೆ ತೋರಿದರು ಎಂದು ಬಿಡಿಸಿ ಬರೆದರೂ, ಎದೆಗಾರಿಕೆಯನ್ನು ಅಳೆಯುವ ಕೋಲು ಯಾವುದು?

ಜೋಡಿ ಓಟದ ತೊಡಕು ಇನ್ನೂ ಆಳದ್ದು. ಮುಂದಿನವರು ಗೊತ್ತುಪಡಿಸಿದ ದಾರಿಯಲ್ಲಿ ಚೆನ್ನಾಗಿ ಓಡಿಸಬೇಕು. ಹಿಂದಿನವರು ಅವರ ನೆರಳಿನಂತೆ ಅಂಟಿಕೊಂಡು, ಅದೇ ದಾರಿ, ಅದೇ ಕೋನದಲ್ಲಿ ಬರಬೇಕು. ಮುಂದಿನವರೇ ದಾರಿ ತಪ್ಪಿದರೆ? ಹಿಂದಿನವರು ಅವರನ್ನು ಹಿಂಬಾಲಿಸಬೇಕೋ, ಗುರುತನ್ನು ನಂಬಬೇಕೋ? ಮುಂದಿನವರು ತಿರುವಿನ ನಡುವೆ ದಿಢೀರನೆ ನಿಧಾನಿಸಿ, ಹಿಂದಿನವರು ಹೋಗಿ ಗುದ್ದಿದರೆ ತಪ್ಪು ಯಾರದು? ಅಗತ್ಯವಿದ್ದು ನಿಧಾನಿಸಿದರೋ, ಎದುರಾಳಿಯನ್ನು ಕೆಡವಲೆಂದೇ ನಿಧಾನಿಸಿದರೋ? ಒಬ್ಬರ ಕಾರಿಗೆ ಸಾವಿರ ಅಶ್ವಶಕ್ತಿ, ಇನ್ನೊಬ್ಬರದಕ್ಕೆ ಅಷ್ಟಿಲ್ಲ. ಅಂತರ ಬೆಳೆದದ್ದು ಚಾಲಕನ ಸೋಲೋ, ಎಂಜಿನ್ನಿನ ಸೋಲೋ? ಇವುಗಳಿಗೆಲ್ಲ ಉತ್ತರ ಹೇಳಬೇಕಾದವರು ಚಾಲಕನ ಮನಸ್ಸಿನೊಳಗೆ ಇಣುಕಬೇಕು. ಅಭಿಮಾನಿಗಳು ರಾತ್ರಿಯಿಡೀ ಕೂತು ಹಿಂದೆ ಮುಂದೆ ಓಡಿಸಿ ನೋಡುವ ವಿಡಿಯೊಗಳು ಹೆಚ್ಚಾಗಿ ಇಂಥ ಗುದ್ದುಗಳವೇ.

2010ರ ಕೊನೆಯಲ್ಲಿ ತ್ಸುಚಿಯಾ, ಇನಾದಾ ಇಬ್ಬರೂ ಡಿ1 ಬಿಟ್ಟು ಹೊರಬಂದರು; ಮರುವರ್ಷ ‘ಡ್ರಿಫ್ಟ್ ಮಸಲ್’ ಎಂಬ ತಮ್ಮದೇ ಸರಣಿ ಕಟ್ಟಿದರು. ಗುರುಗಳಿಲ್ಲದ ಡಿ1 ಯಂತ್ರದ ಮೊರೆ ಹೋಯಿತು. 2012ರಲ್ಲಿ ಬಂದ ‘ಡಾಸ್’ ಎಂಬ ವ್ಯವಸ್ಥೆಯಲ್ಲಿ ಕಾರಿನೊಳಗೆ ಇಟ್ಟ ಸೆನ್ಸರ್ ಪೆಟ್ಟಿಗೆ ವೇಗ, ಜಾರುವ ಕೋನ, ಆ ಕೋನದ ಏರಿಳಿತಗಳನ್ನು ಅಳೆದು ಅಂಕ ಉದುರಿಸುತ್ತದೆ. ಒಂಟಿ ಓಟದ ಮಟ್ಟಿಗೆ ಇದು ದೊಡ್ಡ ಜಿಗಿತ. ಪೆಟ್ಟಿಗೆಗೆ ಚಾಲಕನ ಹೆಸರು ಗೊತ್ತಿಲ್ಲ, ಬಾಗಿಲ ಮೇಲೆ ಯಾವ ಟೈರ್ ಕಂಪನಿಯ ಸ್ಟಿಕ್ಕರ್ ಇದೆ ಎಂದೂ ಗೊತ್ತಿಲ್ಲ.

ಆದರೆ ಪೆಟ್ಟಿಗೆ ಯಾವುದನ್ನು ಅಳೆಯುತ್ತದೋ ಆಟ ಅತ್ತ ವಾಲುತ್ತದೆ. ಕೋನ ಬದಲಿಸುವಾಗ ಚುರುಕಾಗಿ ಎಸೆದರೆ ಅಂಕವೆಂದಾದರೆ ಎಲ್ಲರೂ ಹಾಗೆಯೇ ಎಸೆಯುವುದನ್ನು ಕಲಿಯುತ್ತಾರೆ. ಯಂತ್ರ ಕಾಣದ ಹೊಗೆ, ಗೋಡೆಗೆ ಉಜ್ಜಿದ ಬಂಪರ್, ನೋಡುಗರ ಉಸಿರು ಕಟ್ಟಿಸಿದ ಕ್ಷಣ ಲೆಕ್ಕದ ಹೊರಗೆ ಉಳಿಯುತ್ತವೆ. ಜೋಡಿ ಓಟದಲ್ಲಿ ಹಿಂದಿನ ಕಾರು ಎಷ್ಟು ಹತ್ತಿರ ನುಗ್ಗಿತು ಎನ್ನುವುದಕ್ಕೆ ಅಂಕ ಕೊಡುವ ಕೆಲಸ ಅಲ್ಲೂ ಮನುಷ್ಯರಿಗೇ ಉಳಿಯಿತು. 2017ರ ಶರತ್ಕಾಲದಲ್ಲಿ ಅಂತಾರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್ಐಎ ತನ್ನ ಮೊದಲ ಡ್ರಿಫ್ಟಿಂಗ್ ಕಪ್ಪನ್ನು ಟೋಕಿಯೊದ ಒದಾಯಿಬಾದಲ್ಲಿ ನಡೆಸಿತು. ಗೆದ್ದವರು ಮಸಾತೊ ಕವಾಬಾತಾ. ಗಡಿಯಾರದ ಮನೆಯೇ ಗಡಿಯಾರವಿಲ್ಲದ ಆಟಕ್ಕೆ ಮುದ್ರೆ ಒತ್ತಿದ್ದರಿಂದ ಗೌರವ ಬಂತು. ತೀರ್ಪಿನ ಸಂಕಟ ಇದ್ದಲ್ಲೇ ಇತ್ತು.

ಇದೇ ಸಂಕಟವನ್ನು ಹಳೆಯ ಆಟಗಳು ಹೇಗೆ ನಿಭಾಯಿಸಿದವು ಎಂದು ಡ್ರಿಫ್ಟಿಂಗ್‌ನವರು ಇನ್ನಷ್ಟು ನೋಡಬೇಕಿತ್ತು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್ ಜೋಡಿ ವಿಭಾಗದಲ್ಲಿ ರಷ್ಯನ್ನರಿಗೆ ಚಿನ್ನ ಸಿಕ್ಕಿತು. ತನ್ನ ಮೇಲೆ ಒತ್ತಡವಿತ್ತೆಂದು ಫ್ರಾನ್ಸಿನ ತೀರ್ಪುಗಾರ್ತಿ ಹೇಳಿದ್ದು ಹೊರಬಿದ್ದ ಮೇಲೆ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. ಆರು ಅಂಕಗಳ ಹಳೆಯ ಪದ್ಧತಿ ಮೂಲೆಗುಂಪಾಗಿ, ಪ್ರತಿ ಜಿಗಿತಕ್ಕೂ ಬೆಲೆ ಕಟ್ಟುವ ಹೊಸ ಪದ್ಧತಿ ಬಂತು. ಜೊತೆಗೆ, ಒತ್ತಡ ತಪ್ಪಿಸಲೆಂದು ಯಾವ ತೀರ್ಪುಗಾರ ಎಷ್ಟು ಕೊಟ್ಟ ಎನ್ನುವುದನ್ನು ಮುಚ್ಚಿಟ್ಟರು. ಸ್ಕೇಟಿಂಗ್ ಅಂಕಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞ ಎರಿಕ್ ಜಿಟ್ಸೆವಿಟ್ಸ್, ಹೆಸರು ಮುಚ್ಚಿಟ್ಟ ಮೇಲೆ ಸ್ವದೇಶಿಯರ ಪಕ್ಷಪಾತ ಇಳಿಯುವ ಬದಲು ಏರಿತ್ತೆಂದು 2014ರಲ್ಲಿ ತೋರಿಸಿದರು. 2016ರಲ್ಲಿ ಸ್ಕೇಟಿಂಗ್ ಒಕ್ಕೂಟ ಆ ಗುಟ್ಟನ್ನು ಕೈಬಿಟ್ಟಿತು. ತೀರ್ಪುಗಾರರಿಗೆ ಪರದೆ ಹಾಕಿದರೆ ನ್ಯಾಯ ಹೆಚ್ಚುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಗಟ್ಟಿ ಏಟು ಬೇಕಿಲ್ಲ.

ಲಂಚ, ಒತ್ತಡಗಳಿಲ್ಲದ ಕಡೆಯೂ ಕಣ್ಣು ಮೋಸಹೋಗುತ್ತದೆ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಯಾವ ದಿನ ನುಡಿಸಿದರು ಎನ್ನುವುದು ಫಲಿತಾಂಶವನ್ನು ಬದಲಿಸುತ್ತಿತ್ತೆಂದು 1996ರಲ್ಲಿ ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಬರೆದರು. ಸ್ಕೇಟಿಂಗ್‌ನಲ್ಲೂ ಹಾಡಿನ ಸ್ಪರ್ಧೆಯಲ್ಲೂ ಕೊನೆಕೊನೆಗೆ ಬಂದವರಿಗೆ ಅಂಕ ಹೆಚ್ಚೆಂದು ಬ್ರೂಯಿನ್ ಡಿ ಬ್ರೂಯಿನ್ 2005ರಲ್ಲಿ ತೋರಿಸಿದರು. ಹೆಸರು ಮಾಡಿದ ಸ್ಕೇಟರ್‌ಗಳಿಗೆ ಅವರನ್ನು ಬಲ್ಲ ತೀರ್ಪುಗಾರರು ತಾಂತ್ರಿಕ ಅಂಕವನ್ನು ಕೊಂಚ ಧಾರಾಳವಾಗಿ ಕೊಡುತ್ತಾರೆಂದು 2004ರಲ್ಲೇ ಫಿಂಡ್ಲೆ ಮತ್ತು ಸ್ಟೆ-ಮರಿ ಕಂಡಿದ್ದರು. ಜಿಮ್ನಾಸ್ಟಿಕ್ಸ್ 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫುಜಿತ್ಸು ಕಂಪನಿಯ ಲೇಸರ್ ಸೆನ್ಸರ್‌ಗಳನ್ನು ತಂದಿತು. ಅಲ್ಲಿ ಯಂತ್ರ ತೀರ್ಪುಗಾರರ ಪಕ್ಕದಲ್ಲಿ ಕೂತಿತು, ಅವರ ಕುರ್ಚಿಯ ಮೇಲಲ್ಲ.

ಈ ಕಣ್ಣಿನಿಂದ ನೋಡಿದರೆ ಫಾರ್ಮುಲಾ ಡ್ರಿಫ್ಟ್‌ನ ಜೋಡಿ ಓಟದ ಪದ್ಧತಿ ಡಿ1ರ ಹತ್ತು ಅಂಕದ ಹಂಚಿಕೆಗಿಂತ ನನಗೆ ಮೇಲೆನಿಸುತ್ತದೆ. ಅರ್ಧ ಅಂಕದ ನಾಟಕ ಅಲ್ಲಿಲ್ಲ. ಎರಡೂ ಓಟ ಮುಗಿದ ಮೇಲೆ ಮೂವರಲ್ಲಿ ಪ್ರತಿಯೊಬ್ಬರೂ ಈ ಚಾಲಕ, ಆ ಚಾಲಕ, ಇಲ್ಲವೇ ‘ಒನ್ ಮೋರ್ ಟೈಮ್’ ಎಂದು ಮತ ಹಾಕುತ್ತಾರೆ. ಇಬ್ಬರು ಒಪ್ಪಿದರೆ ಗೆಲುವು, ಬಹುಮತ ಬಾರದಿದ್ದರೆ ಮತ್ತೆ ಓಟ. ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ತೋರಿಸಿ ಎಂದು ಹೇಳುವ ಹಕ್ಕನ್ನು ತೀರ್ಪುಗಾರನಿಗೆ ಕೊಡುವ ಆಟಗಳು ಹೆಚ್ಚಿಲ್ಲ. ಅದನ್ನು ಕೈಲಾಗದವರ ನುಣುಚಾಟವೆಂದು ಗೇಲಿ ಮಾಡುವವರಿದ್ದಾರೆ. ಟೈರಿನ ಖರ್ಚು ನೋಡಿದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು, ಆದರೂ ನಾನು ಆ ಗೇಲಿಗೆ ಸೇರಲಾರೆ. ಮರುಪ್ರಸಾರದ ದೃಶ್ಯ, ಈಚಿನ ವರ್ಷಗಳಲ್ಲಿ ಕಾರುಗಳ ಬೆನ್ನಿಗೇ ಹಾರುವ ಡ್ರೋನ್ ಕ್ಯಾಮೆರಾ, ನೇರಪ್ರಸಾರದಲ್ಲಿ ತೀರ್ಪುಗಾರರೇ ಕೊಡುವ ವಿವರಣೆ ಇವೆಲ್ಲ ಸೇರಿ ಗೋಪುರದ ಬಾಗಿಲನ್ನು ಸ್ವಲ್ಪ ತೆರೆದಿವೆ. ವಿವರಣೆ ಒಪ್ಪಿಗೆಯಾಗದೆ ಹೋಗಬಹುದು. ಒಪ್ಪದಿರಲು ಕೈಗೊಂದು ಕಾರಣವಾದರೂ ಸಿಗುತ್ತದೆ.

ಸ್ಕೇಟಿಂಗ್ ಅಂಕಗಳನ್ನು ಜಾಲಾಡಿದಂತೆ ಡ್ರಿಫ್ಟಿಂಗ್ ತೀರ್ಪುಗಳನ್ನೂ ಯಾರಾದರೂ ಜಾಲಾಡಬೇಕು. ಎರಡು ದಶಕಗಳ ಓಟಗಳು, ಅವುಗಳ ಫಲಿತಾಂಶ, ವಿಡಿಯೊ ಎಲ್ಲ ರಾಶಿ ಬಿದ್ದಿವೆ. ಹಾಲಿ ಚಾಂಪಿಯನ್ನರಿಗೆ ಅನುಮಾನದ ಲಾಭ ಎಷ್ಟು ಸಲ ಸಿಕ್ಕಿದೆ? ಸರಣಿಗೆ ಹಣ ಹಾಕುವ ಟೈರ್ ಕಂಪನಿಯ ಚಾಲಕರಿಗೆ? ಇನ್ನೊಂದು ಪ್ರಶ್ನೆಯ ಬಗ್ಗೆ ನನಗೆ ವಿಶೇಷ ಕುತೂಹಲ. ಫಾರ್ಮುಲಾ ಡ್ರಿಫ್ಟ್‌ನಲ್ಲಿ ಅರ್ಹತಾ ಸುತ್ತಿನಲ್ಲಿ ಮೇಲಿದ್ದವರು ಮೊದಲ ಓಟದಲ್ಲಿ ಮುಂದೆ ಹೋಗುತ್ತಾರೆ, ಅಂದರೆ ಬೆನ್ನಟ್ಟುವ ಸರದಿ ಅವರಿಗೆ ಎರಡನೆಯ ಓಟದಲ್ಲಿ ಬರುತ್ತದೆ. ಕಣ್ಣು ಕಟ್ಟುವಂಥ ಬೆನ್ನಟ್ಟುವಿಕೆ ತೀರ್ಪುಗಾರರ ನೆನಪಿನಲ್ಲಿ ಹಸಿಯಾಗಿರುವಾಗಲೇ ಮತ ಬೀಳುವುದರಿಂದ ಅವರಿಗೆ ಅನುಕೂಲವಾಗುತ್ತಿದೆಯೇ? ಒನ್ ಮೋರ್ ಟೈಮ್ ಓಟಗಳನ್ನೂ ಜೊತೆಗಿಟ್ಟು ಎಣಿಸಿದರೆ ಉತ್ತರ ಹೊರಬರುವಂಥ ಪ್ರಶ್ನೆ ಇದು.