ಅಂಗೈಯಾಗಿನ ಕ್ಯಾಮೆರಾ, ಮಾರಿನ ಲೆಕ್ಕ

ನಮ್ಮ ಜಿಡಗಾ, ಆಳಂದ ಎಲ್ಲಾ 1948ರ ತನಕ ನಿಜಾಮರ ರಾಜ್ಯದಾಗ ಇದ್ದದ್ದು ನಿಮಗ ಗೊತ್ತೇ ಅದ. ಆ ದರ್ಬಾರಿಗೆ ರಾಜಾ ದೀನ್ ದಯಾಳ್ ಅಂತ ಫೋಟೋಗ್ರಾಫರ್ ಇದ್ರು. ಅವರು 1892ರಾಗ ಹೈದರಾಬಾದಿನಾಗ ಹೆಣ್ಮಕ್ಕಳಿಗಂತೇ ಜನಾನಾ ಸ್ಟುಡಿಯೋ ತೆರೆದ್ರು. ಗೋಷಾದಾಗಿನ ಹೆಂಗಸ್ರು ಗಂಡಸ್ರ ಮುಂದ ಕೂಡಂಗಿಲ್ಲಲ್ಲ, ಅದಕ್ಕ ಆ ಸ್ಟುಡಿಯೋ ನಡಸಾಕಿನೂ ಹೆಣ್ಮಗಳೇ, ಕೆನ್ನಿ-ಲೆವಿಕ್ ಅನ್ನೋ ಇಂಗ್ಲಿಷ್ ಬಾಯಿ. ಆದ್ರ ಅದು ದೊಡ್ಡವರ ಮನಿ ಮಾತು ಬಿಡ್ರಿ. ಆಗಿನ ಕ್ಯಾಮೆರಾ ಅಂದ್ರ ಕಟ್ಟಿಗಿ ಪೆಟಗಿ, ಗಾಜಿನ ಪ್ಲೇಟು, ಮೂರು ಕಾಲಿನ ಸ್ಟ್ಯಾಂಡು. ಮನಿಯಾಗ ಇಟ್ಕೊಳ್ಳೋ ಸಾಮಾನಲ್ಲ.

ಮನಿಯೊಳಗ ಬರಬೇಕಾದ್ರ ಅದು ಸಣ್ಣದಾಗಬೇಕಿತ್ತು. ಆಗ್ತಾ ಆಗ್ತಾ 1966ರಾಗ ಜರ್ಮನಿಯೊಳಗ ರೋಲೈ 35 ಬಂತು. ಹೈಂಜ್ ವಾಸ್ಕೆ ಅನ್ನೋ ಎಂಜಿನಿಯರ್ ಮಾಡಿದ್ದು. ಉದ್ದ ಹತ್ತು ಸೆಂಟಿಮೀಟರೂ ಇಲ್ಲ, ಅಂಗೈಯಾಗ ಕೂಡ್ತದ. ಹಂಗಂತ ಹುಡುಗರ ಆಟಿಗಿ ಅಲ್ಲ. ಹಾಕೋದು ದೊಡ್ಡ ಕ್ಯಾಮೆರಾದ್ದೇ 35 ಎಂಎಂ ರೀಲು, 36 ಫೋಟೋ ಬರ್ತಾವ. ಮುಂದ ಎರಡು ಚಕ್ರ, ಒಂದು ಶಟರಿನ ವೇಗಕ್ಕ, ಇನ್ನೊಂದು ಬೆಳಕು ಎಷ್ಟು ಬಿಡಬೇಕು ಅನ್ನೋದಕ್ಕ. ಹವ್ಯಾಸಕ್ಕಂತ ಮನಸಿಟ್ಟು ಫೋಟೋ ತೆಗೆಯೋರಿಗೆ ಭಾಳ ಸೇರಿತು. 1970ರ ದಶಕದಾಗ ಇದನ್ನ ಮಾಡೋದು ಸಿಂಗಾಪುರಕ್ಕ ಹೋಯಿತು.

ಇದರಾಗ ಒಂದು ಮಜಾ ಅದ. ಎದುರಿನವರು ಎಷ್ಟು ದೂರ ಅದಾರ ಅನ್ನೋದು ಈ ಕ್ಯಾಮೆರಾಕ್ಕ ತಿಳಿಯಂಗಿಲ್ಲ. ನಾವೇ ಕಣ್ಣಳತಿ ಮಾಡಿ ಲೆನ್ಸ್ ತಿರುವಬೇಕು, ತಪ್ಪಿದ್ರ ಮಾರಿ ಮಬ್ಬು. ನನಗ ಕೇಳಿದ್ರ, ಕಣ್ಣಳತಿ ನಮ್ಮ ಹೆಣ್ಮಕ್ಕಳಿಗಿಂತ ಯಾರಿಗೆ ಬರ್ತದರಿ? ಸೀರಿ ಮೊಳದಾಗ, ಹಗ್ಗ ಮಾರಿನಾಗ, ಹಿಟ್ಟು ಬೊಗಸಿಯಾಗ. ಆದ್ರ ಕ್ಯಾಮೆರಾ ಗಂಡಸ್ರ ಕಿಸೆದಾಗೇ ಉಳೀತು.

ನಮ್ಮ ಮಾಮಾ ಹೈದರಾಬಾದಿನಾಗ ನೌಕರಿ ಮಾಡುವಾಗ ಒಂದು ಹಳೇದು ತಗೊಂಡಿದ್ದ, ಯಾರಿಗೂ ಮುಟ್ಟಗೊಡತಿರಲಿಲ್ಲ. ಮನಿ ಅಲ್ಬಮಿನಾಗ ಎಲ್ಲಾರೂ ಅದಾರ, ಮಾಮಾ ಮಾತ್ರ ಒಂದೇ ಫೋಟೋದಾಗ. ಅದು ಅತ್ತಿ ತೆಗೆದದ್ದು. "ಎರಡು ಮಾರು" ಅಂದಾಕಿನೇ, ಮಾರಿಗೆ ಆರು ಫೂಟಿನ ಲೆಕ್ಕ ಹಿಡಿದು ತಿರುವಿದ್ಲು. ಮಾಮಾನ ಮೀಸಿ ಕೂದಲೂ ಎಣಿಸಬಹುದು, ಅಷ್ಟು ಸಾಫ್!

ನಿಮ್ಮ ಟ್ರಂಕಿನಾಗೂ ಇಂಥದ್ದು ಇದ್ರ ಗುಜರಿಗೆ ಹಾಕಬ್ಯಾಡ್ರಿ. ಬ್ಯಾಟರಿ ಬೇಕಾಗೋದು ಬೆಳಕು ಅಳೀಲಿಕ್ಕೆ ಅಷ್ಟೇ, ಶಟರು ಅದಿಲ್ದೇನೂ ಹೊಡೀತದ. ಲೆನ್ಸ್ ಒಳಗ ದೂಡೋಕಿಂತ ಮೊದಲು ಮಾತ್ರ ರೀಲಿನ ಕಡ್ಡಿ ಒಮ್ಮಿ ಎಳೀರಿ. ಅದು ಎಳೀದೆ ಒತ್ತಿದ್ರ ಲೆನ್ಸ್ ಒಳಗ ಹೋಗಂಗಿಲ್ಲ, ಜೋರ್ ಮಾಡಿದ್ರ ಕೆಡ್ತದ.