ಬಳಪ ಹಿಡಿದ ಕೈಗೆ ಬೇಡಿ: ಗೋವೆಯ ಉಪಾಧ್ಯಾಯ ದಿವಂಗತ ಮೋಹನ ರಾನಡೆ

ಗಡಿಯಲ್ಲಿ ನಿಂತು ನುಡಿಯ ದೀಪವನ್ನು ಕಾಯುವವರಾದ ನಮಗೆ ಗೋವೆಯು ಹೊರನಾಡೆಂದು ಎಂದೂ ತೋರಿಲ್ಲ. ಚಂದ್ರಪುರ ಮತ್ತು ಗೋಪಕಪಟ್ಟಣಗಳಿಂದ ಆಳಿದ ಗೋವೆಯ ಕದಂಬರು ತಮ್ಮ ದಾನಧರ್ಮಗಳನ್ನು ಕನ್ನಡ ಶಾಸನಗಳಲ್ಲಿ ಬರೆಯಿಸಿದರು. ಸಹ್ಯಾದ್ರಿಯ ಮಡಿಲಿನಲ್ಲಿರುವ ತಾಂಬಡಿ ಸುರ್ಲದ ಶಿವಾಲಯವು ಅವರ ಕಾಲವನ್ನು ಇಂದಿಗೂ ನೆನಪಿಗೆ ತರುತ್ತಿದೆ. ಈ ಹೊತ್ತು ವಾಸ್ಕೋ ಮೊದಲಾದ ಊರುಗಳಲ್ಲಿ ನಮ್ಮ ಜನ ದುಡಿದು ಉಣ್ಣುತ್ತಿದ್ದಾರೆ. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಕುಳಿತು ಅಕ್ಷರ ತಿದ್ದುತ್ತಿದ್ದಾರೆ. ಆದರೆ ಆ ನೆಲದಲ್ಲಿ ಭಾರತೀಯನು ತಲೆಯೆತ್ತಿ ನಡೆಯಲು ಬೆಲೆ ತೆತ್ತವರು ಯಾರೆಂಬುದನ್ನು ನಾವು ಎಷ್ಟು ಸಲ ನೆನೆದಿದ್ದೇವೆ?

ಈ ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದಾಗ ನಮ್ಮ ಮನಸ್ಸಿಗೆ ಬಂದ ಹೆಸರು ಒಬ್ಬ ಉಪಾಧ್ಯಾಯರದು. ಅವರು ಕನ್ನಡದವರಲ್ಲ, ಮರಾಠಿಯನ್ನು ಕಲಿಸಲು ಗೋವೆಗೆ ಹೋದವರು. “ಕನ್ನಡ ಸಂಘದ ಸಂಚಿಕೆಯಲ್ಲಿ ಮರಾಠಿ ಉಪಾಧ್ಯಾಯರ ಚರಿತ್ರೆಯೇಕೆ?” ಎಂದು ಸ್ನೇಹಿತರೊಬ್ಬರು ಕೇಳಿದರು. ಗಡಿಯ ನೋವನ್ನು ಉಂಡವರ ಪ್ರಶ್ನೆ ಅದು, ಹಗುರವಾದುದಲ್ಲ. ಕಥೆಯನ್ನು ಹೇಳಿ ಮುಗಿಸಿದ ಬಳಿಕ ಅದಕ್ಕೆ ಉತ್ತರ ಕೊಡುವೆವು.

ಮೋಹನ ರಾನಡೆಯವರ ಹುಟ್ಟೂರು ಸಾಂಗಲಿ. ತಂದೆತಾಯಿಗಳಿಟ್ಟ ಹೆಸರು ಮನೋಹರ ಆಪಟೆ. ೧೯೫೦ರ ದಶಕದ ಮೊದಲಲ್ಲಿ ಅವರು ಗೋವೆಯನ್ನು ಹೊಕ್ಕದ್ದು ಶಾಲಾ ಉಪಾಧ್ಯಾಯರಾಗಿ. ಪರರ ಆಳ್ವಿಕೆಯಲ್ಲಿ ದೇಶಭಾಷೆಯನ್ನು ಕಲಿಸುವುದೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ೧೫೧೦ರಲ್ಲಿ ಆಲ್ಬುಕರ್ಕನು ಗೋವೆಯನ್ನು ಗೆದ್ದ ಮೇಲೆ ನಾಲ್ಕೂವರೆ ಶತಮಾನಗಳ ಕಾಲ ಅಲ್ಲಿ ಪೋರ್ಚುಗೀಸರ ರಾಜ್ಯ ನಡೆಯಿತು. ೧೬೮೪ರಲ್ಲಿ ವೈಸರಾಯನು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದನು. ಆಜ್ಞೆಯಿಂದ ನುಡಿ ಸಾಯಲಿಲ್ಲ. ಆದರೆ ಸರಕಾರದ ಮನ್ನಣೆಯೆಲ್ಲ ಪೋರ್ಚುಗೀಸಿಗೇ ಸಂದಿತು. ಮರಾಠಿ ಶಾಲೆಗಳು ಊರವರ ಉದಾರತೆಯಿಂದ ಉಸಿರಾಡಿದವು. ಇಂತಹ ಶಾಲೆಯ ಉಪಾಧ್ಯಾಯನು ಮಗ್ಗಿ, ಕಾಗುಣಿತಗಳ ಜೊತೆಗೆ, ಬೇಡವೆಂದರೂ, ‘ನೀನು ಯಾರ ಮಗ’ ಎಂಬುದನ್ನು ಮಗುವಿಗೆ ಕಲಿಸಿಯೇ ಕಲಿಸುತ್ತಾನೆ.

ರಾನಡೆಯವರು ಅಷ್ಟಕ್ಕೇ ನಿಲ್ಲಲಿಲ್ಲ. ವಿಶ್ವನಾಥ ಲವಂದೆ ಮೊದಲಾದ ತರುಣರು ಕಟ್ಟಿದ್ದ ಆಝಾದ್ ಗೋಮಂತಕ ದಳವನ್ನು ಅವರು ಸೇರಿದರು. ಅದು ಶಸ್ತ್ರಮಾರ್ಗವನ್ನು ನಂಬಿದ ಸಂಸ್ಥೆ. ಪೊಲೀಸು ಠಾಣೆಗಳ ಮೇಲೂ ಸುಂಕದ ಕಟ್ಟೆಗಳ ಮೇಲೂ ದಳದವರು ನಡೆಸಿದ ಹಲವು ದಾಳಿಗಳಲ್ಲಿ ರಾನಡೆಯವರು ಪಾಲುಗೊಂಡರು. ಬಳಪ ಹಿಡಿಯುವ ಕೈ ಬಂದೂಕನ್ನು ಹಿಡಿಯಬಹುದೆ? ಗಾಂಧೀಜಿಯವರ ನೆರಳಿನಲ್ಲಿ ಬೆಳೆದವರಿಗೆಲ್ಲ ಈ ಪ್ರಶ್ನೆ ಕಾಡದೆ ಇರದು. ಗೋವೆಯಲ್ಲಿ ಶಾಂತಿಮಾರ್ಗವೂ ತನ್ನ ಕಾಣಿಕೆಯನ್ನು ಸಲ್ಲಿಸಿತ್ತು. ೧೯೪೬ರ ಜೂನ್ ೧೮ರಂದು ಮಡಗಾಂವಿಯಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ನಿಷೇಧವನ್ನು ಮುರಿದು ಜನರನ್ನು ಎಚ್ಚರಿಸಿದರು. ೧೯೫೫ರ ಸತ್ಯಾಗ್ರಹದಲ್ಲಿ ನಮ್ಮ ನರಗುಂದದ ಜಗನ್ನಾಥರಾವ್ ಜೋಶಿಯವರು ತಂಡವೊಂದರ ಮುಂದಾಳಾಗಿ ಗೋವೆಯನ್ನು ಹೊಕ್ಕು ಸೆರೆ ಸೇರಿದರು. ಆ ವರ್ಷದ ಆಗಸ್ಟ್ ೧೫ರಂದು ಗಡಿ ದಾಟಿದ ನಿರಾಯುಧರ ಮೇಲೆ ಗುಂಡು ಹಾರಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಯಾವ ಮಾರ್ಗ ಮೇಲೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ತಾನು ಹಿಡಿದ ಮಾರ್ಗದ ಬೆಲೆಯನ್ನು ಈ ಉಪಾಧ್ಯಾಯರು ಕಾಸೂ ಉಳಿಸಿಕೊಳ್ಳದೆ ತೆತ್ತರೆಂಬುದನ್ನು ಮಾತ್ರ ಹೇಳುವೆವು.

೧೯೫೫ರ ಅಕ್ಟೋಬರ್ ತಿಂಗಳಿನಲ್ಲಿ ಬೇತಿಂ ಠಾಣೆಯ ಮೇಲೆ ದಾಳಿ ನಡೆಯಿತು. ಪಣಜಿಯ ಎದುರಿಗೆ, ಮಾಂಡವಿಯ ಉತ್ತರದಂಡೆಯ ಮೇಲಿರುವ ಊರು ಅದು. ರಾಜಧಾನಿಯ ದೀಪಗಳು ಅಲ್ಲಿಗೆ ಕಾಣುತ್ತವೆ. ದಾಳಿಯಲ್ಲಿ ರಾನಡೆಯವರು ಗಾಯಗೊಂಡು ಸೆರೆಸಿಕ್ಕಿದರು. ಆಗ ಅವರದು ಇಪ್ಪತ್ತೈದರ ಆಸುಪಾಸಿನ ಹರೆಯ. ನ್ಯಾಯಾಲಯವು ವಿಧಿಸಿದ ಶಿಕ್ಷೆ ಇಪ್ಪತ್ತಾರು ವರ್ಷ. ಅವರು ಅದುವರೆಗೆ ಬಾಳಿದ ಆಯುಸ್ಸಿಗೆ ಹೆಚ್ಚುಕಡಿಮೆ ಸಮ. ಮುಂದೆ ಅವರನ್ನು ಕಡಲಾಚೆಗೆ ಸಾಗಿಸಿ, ಲಿಸ್ಬನ್ನಿನ ಹತ್ತಿರದ ಕಶಿಯಾಸ್ ಕೋಟೆಯ ಸೆರೆಮನೆಯಲ್ಲಿಟ್ಟರು. ಸಾಲಾಜಾರನ ಆಳ್ವಿಕೆಯನ್ನು ಒಪ್ಪದ ಪೋರ್ಚುಗಲ್ಲಿನವರನ್ನೇ ಕೂಡಿಹಾಕುತ್ತಿದ್ದ ಸ್ಥಳವದು. ರಾನಡೆಯವರು ಕಳೆದ ಸೆರೆವಾಸದಲ್ಲಿ ಆರು ವರ್ಷ ಏಕಾಂತವಾಸ. ಮಕ್ಕಳ ಗದ್ದಲದ ನಡುವೆ ದಿನ ಕಳೆಯುವ ನಮ್ಮಂತಹ ಉಪಾಧ್ಯಾಯರಿಗೆ ಒಂದು ರಜೆಯ ತಿಂಗಳೇ ದೀರ್ಘವೆನಿಸುತ್ತದೆ. ಮಾತಿಗೆ ಮನುಷ್ಯರಿಲ್ಲದ ಆರು ವರ್ಷಗಳನ್ನು ನಾವು ಊಹಿಸಲಾರೆವು.

ಅವರು ಸೆರೆಯಲ್ಲಿದ್ದಾಗಲೇ ಗೋವೆಯು ಬಿಡುಗಡೆಯಾಯಿತು. ೧೯೬೧ರ ಡಿಸೆಂಬರ್ ೧೭ರ ರಾತ್ರಿ ಆರಂಭವಾದ ‘ವಿಜಯ’ ಕಾರ್ಯಾಚರಣೆಯು ೧೯ರಂದು ಮುಗಿಯಿತು. ಮೇಜರ್ ಜನರಲ್ ಕ್ಯಾಂಡೆತ್ ಅವರ ಸೈನ್ಯ ಜಮಾಯಿಸಿದ್ದು ನಮ್ಮ ಬೆಳಗಾವಿಯಲ್ಲಿ. ಕಾರವಾರದ ಕಣ್ಣೆದುರಿಗಿರುವ ಅಂಜದೀವದಲ್ಲಿ ನೌಕಾದಳದ ಏಳು ಮಂದಿ ಮಡಿದರು. ಪಣಜಿಯಲ್ಲಿ ತ್ರಿವರ್ಣಧ್ವಜ ಏರಿತು. ಯಾವ ದಿನಕ್ಕಾಗಿ ರಾನಡೆಯವರು ಬಾಳನ್ನು ಸವೆಸಿದ್ದರೋ ಆ ದಿನವನ್ನು ಗೋವೆಯೆಲ್ಲ ಕಂಡಿತು. ಅವರು ಮಾತ್ರ ಕಾಣಲಿಲ್ಲ.

ಇದಕ್ಕಿಂತ ಕಹಿಯಾದ ಸಂಗತಿ ಇನ್ನೊಂದಿದೆ. ಭಾರತವು ಸೆರೆಹಿಡಿದಿದ್ದ ಮೂರು ಸಾವಿರಕ್ಕೂ ಮಿಕ್ಕ ಪೋರ್ಚುಗೀಸ್ ಸೈನಿಕರು ೧೯೬೨ರಲ್ಲಿ ತಮ್ಮ ದೇಶಕ್ಕೆ ಮರಳಿದರು. ರಾನಡೆಯವರು ಮರಳಲಿಲ್ಲ. ಗೋವೆಯ ಸಾಹಿತಿ ತೆಲೊ ಮಸ್ಕರೇನ್ಹಸ್ ಅವರೂ ಪೋರ್ಚುಗಲ್ಲಿನ ಸೆರೆಯಲ್ಲೇ ಉಳಿದರು. ವಿಜಯದ ವಾದ್ಯಘೋಷದಲ್ಲಿ ದೂರದ ಕೋಟೆಯೊಳಗಿನ ಇಬ್ಬರ ದನಿ ಕೇಳಿಸದೆ ಹೋದುದು ನಮ್ಮ ಸ್ವಾತಂತ್ರ್ಯದ ಚರಿತ್ರೆಯಲ್ಲಿ ತಲೆತಗ್ಗಿಸುವ ಪುಟ.

ಮರೆಯದವರೂ ಇದ್ದರು. ಮರಾಠಿಯ ಪ್ರಸಿದ್ಧ ಗಾಯಕ ಸುಧೀರ ಫಡಕೆಯವರು ಅವರ ಬಿಡುಗಡೆಗಾಗಿ ಓಡಾಡಿದರು. ಕೊನೆಗೆ ನೆರವಾದ ದನಿಯೊಂದು ಯಾರೂ ಎಣಿಸದ ದಿಕ್ಕಿನಿಂದ ಬಂತು. ೧೯೬೮ರಲ್ಲಿ ವಿದೇಶಯಾತ್ರೆ ಹೊರಟ ಮದರಾಸಿನ ಮುಖ್ಯಮಂತ್ರಿ ಸಿ. ಎನ್. ಅಣ್ಣಾದುರೈ ಅವರು ವ್ಯಾಟಿಕನ್ನಿನಲ್ಲಿ ಆರನೆಯ ಪೋಪ್ ಪೌಲರನ್ನು ಕಂಡರು. ತಮಿಳಿಗಾಗಿ ಜೀವ ತೇದ ಅಣ್ಣಾದುರೈ ಅವರು ಅಲ್ಲಿ ಬೇಡಿದ್ದು ತಮಿಳರಿಗೆ ಸಂಬಂಧಿಸಿದ ವರವನ್ನಲ್ಲ; ಸೆರೆಯಲ್ಲಿದ್ದ ಈ ಮರಾಠಿ ಉಪಾಧ್ಯಾಯರ ಬಿಡುಗಡೆಗೆ ಪೋಪರು ಪೋರ್ಚುಗಲ್ಲಿಗೆ ಹೇಳಬೇಕೆಂಬುದನ್ನು. ೧೯೬೯ರ ಜನವರಿಯಲ್ಲಿ ರಾನಡೆಯವರು ಹೊರಬಂದರು. ಫೆಬ್ರವರಿ ೩ರಂದು ಅಣ್ಣಾದುರೈ ಅವರು ಕಣ್ಣುಮುಚ್ಚಿದರು. ಕೃತಜ್ಞತೆಗೆ ವಿಧಿಯು ಕೊಟ್ಟ ಕಾಲ ಅಷ್ಟೇ.

ಹದಿನಾಲ್ಕು ವರ್ಷಗಳ ವನವಾಸವನ್ನು ನಮ್ಮ ಜನ ರಾಮಾಯಣದಲ್ಲಿ ಕೇಳಿದ್ದಾರೆ. ರಾನಡೆಯವರು ಹೆಚ್ಚುಕಡಿಮೆ ಅಷ್ಟೇ ಕಾಲವನ್ನು ಕಲ್ಲುಗೋಡೆಯೊಳಗೆ ಕಳೆದರು. ಮರಳಿ ಬಂದು ಪಟ್ಟವನ್ನು ಬಯಸಲಿಲ್ಲ. ತಮ್ಮ ಅನುಭವವನ್ನು ‘ಸತೀಚೆ ವಾಣ’ ಎಂಬ ಮರಾಠಿ ಗ್ರಂಥದಲ್ಲಿ ಬರೆದಿಟ್ಟರು. ೨೦೦೧ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯಿಂದ ಅವರನ್ನು ಗೌರವಿಸಿತು. ೨೦೧೯ರ ಜೂನ್ ೨೫ರಂದು ಪುಣೆಯಲ್ಲಿ ಅವರು ಕಾಲವಶರಾದರು.

ಈಗ ಸ್ನೇಹಿತರ ಪ್ರಶ್ನೆಗೆ ಬರೋಣ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕನ್ನಡ ಮಕ್ಕಳು ಮರಾಠಿ ಶಾಲೆಯಲ್ಲಿ ಕೂರಬೇಕಾಗಿದ್ದ ಕಾಲವನ್ನು ನಾವು ಮರೆತಿಲ್ಲ. ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಲು ಪಟ್ಟ ಪಾಡನ್ನೂ ಮರೆತಿಲ್ಲ. ಮರೆಯಲೂ ಬಾರದು. ಆದರೆ ಅದೇ ನೆನಪು ನಮಗೆ ಇನ್ನೊಂದು ಪಾಠವನ್ನೂ ಹೇಳಬೇಕು. ತನ್ನ ನುಡಿಯಲ್ಲಿ ಕಲಿಯುವ ಹಕ್ಕಿಲ್ಲದ ಮಗುವಿನ ಸಂಕಟವನ್ನು ಬಲ್ಲ ಕನ್ನಡಿಗನು, ಗೋವೆಯ ಮಗುವಿಗೆ ಅಕ್ಷರ ಕಲಿಸಲು ಹೋಗಿ ಸಂಕೋಲೆ ತೊಟ್ಟವನನ್ನು ಅನ್ಯನೆನ್ನಲಾರನು. ಅಣ್ಣಾದುರೈ ಅವರಿಗೆ ತಮಿಳಿನ ಅಭಿಮಾನ ಅಡ್ಡಬರಲಿಲ್ಲ. ನಮಗೆ ಕನ್ನಡದ ಅಭಿಮಾನ ಅಡ್ಡಬಂದರೆ ಕೊರತೆ ಅಭಿಮಾನದ್ದಲ್ಲ, ನಮ್ಮದು.

ವಾಸ್ಕೋದ ಕನ್ನಡ ಶಾಲೆಯಲ್ಲಿ ಇಂದು ಬೆಳಗ್ಗೆ ಯಾವುದೋ ಮಗು ‘ಅ’ ಬರೆದಿರಬಹುದು. ಅದನ್ನು ಯಾವ ಪೊಲೀಸನೂ ತಡೆಯಲಿಲ್ಲ. ಆ ಮಗುವಿಗೆ ರಾನಡೆಯವರ ಹೆಸರು ತಿಳಿಯದು. ತಿಳಿಸುವುದು ಉಪಾಧ್ಯಾಯರಾದ ನಮ್ಮ ಕರ್ತವ್ಯ. ಬರುವ ಡಿಸೆಂಬರ್ ೧೯ರಂದು ಗಡಿಯ ಈಚೆಯ ನಮ್ಮ ಶಾಲೆಗಳಲ್ಲೂ ಒಂದು ಗಳಿಗೆ ಪಾಠವನ್ನು ನಿಲ್ಲಿಸಿ ಈ ಕಥೆಯನ್ನು ಮಕ್ಕಳಿಗೆ ಹೇಳೋಣ. ದಿವಂಗತ ಉಪಾಧ್ಯಾಯರಿಗೆ ಉಪಾಧ್ಯಾಯರು ಸಲ್ಲಿಸಬಹುದಾದ ತರ್ಪಣ ಇದೇ.